ನಂಗೆ ಥೈರಾಯ್ಡ್ ಇದ್ದದ್ದಕ್ಕೇ ಮಗನಿಗೆ ಪ್ಲೇಟ್‌ಲೆಟ್ ಇಳಿಯಿತಾ?

ನಿಮಗೆ ಹಾಶಿಮೊಟೊ ಥೈರಾಯ್ಡ್, ನಿಮ್ಮ ಅಮ್ಮನಿಗೆ ರುಮಟಾಯ್ಡ್ ಗಂಟುನೋವು. ಎರಡೂ ದೇಹ ತನ್ನ ಮೇಲೆಯೇ ತಿರುಗಿ ಬೀಳುವ ಕಾಯಿಲೆಗಳು. ಈಗ ನಾಲ್ಕು ವರ್ಷದ ಮಗನಿಗೆ ಐಟಿಪಿ ಅಂದಿದ್ದಾರೆ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ದೇಹವೇ ನಾಶ ಮಾಡುವ ಕಾಯಿಲೆ. 'ನನ್ನಿಂದಲೇ ಬಂತಾ' ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ತೀರ್ಥಹಳ್ಳಿ ಕಡೆಯವಳು. ನಂಗೂ ಅದೇ ಥೈರಾಯ್ಡ್. ಮಗಳಿಗೆ ಐದು ವರ್ಷವಿದ್ದಾಗ ಐಟಿಪಿ ಆಗಿತ್ತು.

ಕಾಲಿನ ತುಂಬಾ ಕೆಂಪು ಚುಕ್ಕೆ. ಉಣುಗು ಕಚ್ಚಿದೆ ಅಂದುಕೊಂಡೆವು. ಒತ್ತಿದರೂ ಬಣ್ಣ ಮಾಸಲಿಲ್ಲ. ಒಂದೂವರೆ ಲಕ್ಷದ ಮೇಲೆ ಇರಬೇಕಾದ ಪ್ಲೇಟ್‌ಲೆಟ್ 9 ಸಾವಿರ ಇತ್ತು. ನಮ್ಮ ಕಡೆ ಪ್ಲೇಟ್‌ಲೆಟ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಡೆಂಗಿ, ಇಲ್ಲವೇ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಕಾಯಿಲೆ ಅಲ್ವಾ, ಹೆದರಿಕೆ ಸಹಜ. ಆದರೆ ಇವಳಿಗೆ ಜ್ವರವೇ ಇರಲಿಲ್ಲ. ಅಂಗಳದಲ್ಲಿ ಕುಣಿಯುತ್ತಿದ್ದಳು. ಮೂರು ವಾರ ಹಿಂದೆ ಒಂದು ನೆಗಡಿ ಬಂದು ಹೋಗಿತ್ತು, ಅಷ್ಟೇ. ಮಕ್ಕಳ ಐಟಿಪಿ ಹೆಚ್ಚಾಗಿ ಹೀಗೇ ಶುರುವಾಗುತ್ತದಂತೆ. ವೈರಸ್ಸಿನ ಮೇಲೆ ಹೋಗಬೇಕಾದ ಪ್ರತಿಕಾಯ ತನ್ನದೇ ಪ್ಲೇಟ್‌ಲೆಟ್‌ಗೆ ಅಂಟಿಕೊಳ್ಳುತ್ತದೆ, ಗುಲ್ಮ (ಸ್ಪ್ಲೀನ್) ಅವನ್ನು ನುಂಗಿ ಹಾಕುತ್ತದೆ.

'ತಾಯಿ ಕಡೆಯ ರಕ್ತ' ಅನ್ನುವ ಮಾತು ನಮ್ಮ ಮನೆಯಲ್ಲೂ ಕೇಳಿತ್ತು. ದೇಹ ತನ್ನನ್ನೇ ತಪ್ಪು ತಿಳಿಯುವ ಸ್ವಭಾವ ಮನೆತನದಲ್ಲಿ ಸ್ವಲ್ಪ ಹರಿಯಬಹುದು, ನಿಜ. ಆದರೆ ಐಟಿಪಿ ಆದ ಬಹುಪಾಲು ಮಕ್ಕಳ ಮನೆಯಲ್ಲಿ ಐಟಿಪಿ ಬಂದವರು ಯಾರೂ ಇರುವುದಿಲ್ಲ. ಹೆಂಗಸರಲ್ಲಿ ಥೈರಾಯ್ಡ್ ಎಷ್ಟು ಸಾಮಾನ್ಯ ಅಂದರೆ, ಯಾವ ಮನೆ ಹುಡುಕಿದರೂ ಒಬ್ಬರು ಸಿಗುತ್ತಾರೆ. ಎರಡನ್ನೂ ಗಂಟು ಹಾಕುವುದು ಸುಲಭ.

ಹಾಗಂತ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಮನೆಯಲ್ಲಿ ಚಿಕ್ಕಂದಿನಿಂದಲೂ ಪ್ಲೇಟ್‌ಲೆಟ್ ಕಮ್ಮಿ ಇರುವವರು ಯಾರಾದರೂ ಇದ್ದಾರಾ ಅಂತ ಕೇಳಿಕೊಳ್ಳಿ. ಇದ್ದರೆ ಇದು ಐಟಿಪಿಯೇ ಅಲ್ಲದೆ ಹುಟ್ಟಿನಿಂದ ಬಂದದ್ದಿರಬಹುದು. ಆಗ ಐಟಿಪಿಗೆ ಕೊಡುವ ಸ್ಟಿರಾಯ್ಡ್ ಸುಮ್ನೆ ದಂಡ. ಸೋದರಮಾವನನ್ನೋ ಅತ್ತೆ ಮಗನನ್ನೋ, ಹತ್ತಿರದ ಸಂಬಂಧದಲ್ಲೇ ಮದುವೆ ಆಗಿದ್ದರೆ ಅದನ್ನೂ ಹೇಳಿ. ಮಗು ಬಿಳಿಚಿಕೊಂಡರೆ, ಕಣ್ಣು ಹಳದಿಯಾದರೆ, ಮೂತ್ರ ಕಪ್ಪು ಚಹಾದಂತಾದರೆ ಕಾಯಬೇಡಿ. ಕೆಂಪು ರಕ್ತಕಣವೂ ಒಡೆಯುತ್ತಿರಬಹುದು. ಎರಡೂ ಒಟ್ಟಿಗೆ ಆದರೆ ಇವಾನ್ಸ್ ಸಿಂಡ್ರೋಮ್ ಅನ್ನುತ್ತಾರೆ, ಅದರ ದಾರಿಯೇ ಬೇರೆ. ಕತ್ತಿನ ಗಂಟು, ದಪ್ಪಗಾದ ಗುಲ್ಮ ಹೋಗದೇ ಉಳಿದರೆ, ಪದೇ ಪದೇ ಸೋಂಕಾದರೆ ಜೀನ್ ಪರೀಕ್ಷೆ ಬರೆಯಬಹುದು.

ಐದರಲ್ಲಿ ನಾಲ್ಕು ಮಕ್ಕಳಿಗೆ ವರ್ಷದೊಳಗೆ ತಾನಾಗಿಯೇ ಸರಿಹೋಗುತ್ತದೆ. ನಮ್ಮವಳಿಗೆ ಐದು ತಿಂಗಳು ಹಿಡಿಯಿತು. ಸಂಖ್ಯೆ ನೋಡಿ ಹೆದರಬೇಡಿ, ರಕ್ತಸ್ರಾವ ನೋಡಿ. ಮೂಗಿನ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟಾದರೆ, ಜೋರು ತಲೆನೋವು ಬಂದರೆ ತಕ್ಷಣ ಆಸ್ಪತ್ರೆಗೆ. ಜ್ವರಕ್ಕೆ ಬ್ರೂಫೆನ್ ಬೇಡ. ಪಪ್ಪಾಯ ಎಲೆ ರಸವನ್ನು ನಾವೂ ಕುಡಿಸಿದೆವು. ಅವಳು ಉಗುಳಿದಳು, ಅದೊಂದೇ ಅದರ ಫಲ.

ಮುಂದಿನ ಭೇಟಿಗೆ ಒಂದು ಹಾಳೆಯಲ್ಲಿ ಇಬ್ಬರ ಕಡೆಯ ಕಾಯಿಲೆಗಳನ್ನೂ ಬರೆದುಕೊಂಡು ಹೋಗಿ. ನಮ್ಮಲ್ಲಿ ಮೊದಲು ನನ್ನ ಕಡೆಯದು ಮಾತ್ರ ಲೆಕ್ಕಕ್ಕೆ ಬಂದಿತ್ತು. ಡಾಕ್ಟರು ಕೆದಕಿ ಕೇಳಿದ ಮೇಲೆ ಗೊತ್ತಾಯಿತು, ಗಂಡನ ಚಿಕ್ಕಮ್ಮನಿಗೆ ತೊನ್ನು ಇತ್ತು. ಅದೂ ದೇಹ ತನ್ನನ್ನೇ ತಪ್ಪು ತಿಳಿಯುವ ಇದೇ ಗುಂಪಿನ ಕಾಯಿಲೆಯಂತೆ. ಅವತ್ತಿನಿಂದ ಅತ್ತೆ 'ತಾಯಿ ಕಡೆಯ ರಕ್ತ'ದ ಮಾತು ಎತ್ತಿಲ್ಲ.