ಕಾಗದದೊಳಗಿನ ಚಿತ್ರ ಕತ್ತರಿಸಬಹುದಾ?

ಪ್ರಶ್ನೆ: ನಮಸ್ಕಾರ. ನಮ್ಮ ದೊಡ್ಡಪ್ಪ ಉಡುಪಿಯಲ್ಲಿ ಬೋರ್ಡ್ ಬರೆಯುತ್ತಿದ್ದರು, ಒಳ್ಳೆಯ ಚಿತ್ರಗಾರರು. ಈಗಿಲ್ಲ. ಬೊಂಬಾಯಿಗೆ ಹೋಗಿದ್ದ ಅವರ ಚಿತ್ರಗಾರ ಗೆಳೆಯರು ಬರೆದ ಕಾರ್ಡು, ಇನ್‌ಲ್ಯಾಂಡ್ ಲೆಟರುಗಳು ಟ್ರಂಕಿನಲ್ಲಿ ಸಿಕ್ಕಿವೆ. ನಡುನಡುವೆ ದೋಣಿ, ಯಕ್ಷಗಾನದ ವೇಷ ಎಲ್ಲ ಬಿಡಿಸಿದ್ದಾರೆ. ಚಿತ್ರ ಮಾತ್ರ ಕತ್ತರಿಸಿ ಫ್ರೇಮ್ ಹಾಕಿಸೋಣ, ಉಳಿದದ್ದು ಸುಮ್ನೆ ಹಳೇ ಕಾಗದ ಅಂತಾನೆ ತಮ್ಮ. ಸರಿಯಾ?
– ಓದುಗರು, ಮಲ್ಪೆ

ಉತ್ತರ: ದಯವಿಟ್ಟು ಕತ್ತರಿ ಹಾಕಬೇಡಿ. ಚಿತ್ರಗಾರರು ಒಬ್ಬರಿಗೊಬ್ಬರು ಬರೆಯುವಾಗ ಮಾತು ಸಾಲದ ಕಡೆ ಗೆರೆ ಎಳೆಯುತ್ತಾರೆ, ಗೆರೆ ಸಾಲದಿದ್ದರೆ ಮತ್ತೆ ಮಾತಿಗೆ ಬರುತ್ತಾರೆ. ಎರಡೂ ಸೇರಿದರೇ ಆ ಹಾಳೆ ಪೂರ್ತಿ.

1888ರ ಅಕ್ಟೋಬರಿನಲ್ಲಿ ವಿನ್ಸೆಂಟ್ ವ್ಯಾನ್ ಗೋ ಫ್ರಾನ್ಸಿನ ಆರ್ಲ್ ಊರಿನಿಂದ ತಮ್ಮಂತೆಯೇ ಚಿತ್ರಗಾರರಾಗಿದ್ದ ಗೆಳೆಯ ಪಾಲ್ ಗೊಗ್ಯಾಂಗೆ ಬರೆದ ಕಾಗದವನ್ನೇ ನೋಡಿ. ತಮ್ಮ ಮಲಗುವ ಕೋಣೆಯ ಚಿತ್ರ ಬರೆದಿದ್ದೇನೆ ಅಂತ ಹೇಳಿ ಅದರ ಸ್ಕೆಚ್ ಹಾಕಿದ್ದಾರೆ, ಆದರೆ ಸ್ಕೆಚ್ಚಿನಲ್ಲಿ ಬಣ್ಣ ಇಲ್ಲವಲ್ಲ, ಹಾಗಾಗಿ ಗೋಡೆ ತಿಳಿ ನೇರಳೆ, ಮಂಚ ಹಳದಿ, ಹೊದಿಕೆ ರಕ್ತಗೆಂಪು, ಕಿಟಕಿ ಹಸಿರು ಅಂತ ಒಂದೊಂದನ್ನೂ ಬರೆದು ತಿಳಿಸುತ್ತಾರೆ. ಇಷ್ಟು ಬಣ್ಣ ಸೇರಿ ನೋಡುವವರಿಗೆ ಪೂರ್ತಿ ವಿಶ್ರಾಂತಿ ಅನ್ನಿಸಬೇಕು, ಅದು ಅವರ ಆಸೆ. ಸ್ಕೆಚ್ ಒಂದನ್ನೇ ಕತ್ತರಿಸಿಟ್ಟರೆ ಈ ಆಸೆ ಎಲ್ಲಿ ಸಿಗುತ್ತದೆ ಹೇಳಿ?

ನಮ್ಮಲ್ಲೂ ಇದು ಇತ್ತು. ಶಾಂತಿನಿಕೇತನದ ಚಿತ್ರಗಾರ ನಂದಲಾಲ್ ಬೋಸರು ಶಿಷ್ಯರಿಗೆ, ಆಪ್ತರಿಗೆ ಪೋಸ್ಟ್‌ಕಾರ್ಡಿನಲ್ಲೇ ಚಿತ್ರ ಬರೆದು ಕಳಿಸುತ್ತಿದ್ದರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬೈಯಲ್ಲಿ ನೆಲೆಸಿ ದೊಡ್ಡ ಹೆಸರು ಮಾಡಿದರು. ಹಾಗೆ ಹೋದ, ಹೆಸರಾಗದ ಚಿತ್ರಗಾರರು ಇನ್ನೆಷ್ಟೋ. ನಿಮ್ಮ ದೊಡ್ಡಪ್ಪನ ಗೆಳೆಯರು ಬೊಂಬಾಯಿಯಲ್ಲಿ ಕೂತು ವೇಷದ ಕಿರೀಟ ಬಿಡಿಸಿದ್ದು ಯಾಕೆ ಅನ್ನೋದು ಪಕ್ಕದ ಸಾಲಿನಲ್ಲೇ ಇರಬಹುದು, ಅಲ್ವಾ? ಮೊದಲು ಓದಿ.

ಇನ್ನು ನಮ್ಮ ಮಳೆಗಾಲ. ತೇವಕ್ಕೆ ಬೂಸ್ಟು ಹಿಡಿಯುತ್ತದೆ, ಹುಳ ತಿನ್ನುತ್ತದೆ. ಟ್ರಂಕನ್ನು ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದಂತೆ ಇಡಿ. ಲ್ಯಾಮಿನೇಶನ್ ಖಂಡಿತ ಬೇಡ, ಆಮೇಲೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪೂ ಬೇಡ, ಅದರ ಅಂಟು ಹಳದಿ ಕಲೆ ಬಿಡುತ್ತದೆ. ಮಡಿಕೆ ಬಿಡಿಸಿ ಆಸಿಡ್-ಫ್ರೀ, ಅಂದರೆ ಆಮ್ಲವಿಲ್ಲದ ಕಾಗದದ ನಡುವೆ ಇಡಿ. ಗೋಡೆಗೆ ಹಾಕಲೇಬೇಕಾದರೆ ಇಡೀ ಹಾಳೆ ಸ್ಕ್ಯಾನ್ ಮಾಡಿಸಿ, ಆ ಪ್ರಿಂಟಿಗೆ ಫ್ರೇಮ್ ಹಾಕಿಸಿ. ತಮ್ಮನಿಗೂ ಖುಷಿ.

ಅಚ್ಚು ಹಾಕಿಸುವ ಯೋಚನೆ ಇದ್ದರೆ ಒಂದು ವಿಷಯ. ಕಾಗದ ನಿಮ್ಮ ಕೈಯಲ್ಲಿದ್ದರೂ ಪ್ರಕಟಿಸುವ ಹಕ್ಕು ಬರೆದವರದ್ದು, ಅವರಿಲ್ಲದಿದ್ದರೆ ವಾರಸುದಾರರದ್ದು. ಹೇಗೂ ಅವರ ಮನೆಯವರನ್ನು ಹುಡುಕಿ, ದೊಡ್ಡಪ್ಪ ಬರೆದ ಕಾಗದ ಅಲ್ಲಿ ಉಳಿದಿದೆಯಾ ಕೇಳಿ. ಇದ್ದರೆ ಎರಡೂ ಕಟ್ಟನ್ನು ತಾರೀಖಿನ ಪ್ರಕಾರ ಜೋಡಿಸಿ ಓದಿ, ಯಾವ ಮಾತಿಗೆ ಯಾವ ಚಿತ್ರ ಉತ್ತರವಾಗಿ ಬಂತು ಅಂತ ಆಗ ತಿಳಿಯುತ್ತದೆ.