ಕಣ್ಣು ಕಾಣದವರಿಗೆ ಕಂಪ್ಯೂಟರ್ ಹೇಳಿಕೊಡೋದು ಎಲ್ಲಿಂದ ಶುರು ಮಾಡ್ಬೇಕು?

ಶಿರಸಿ ಹತ್ರ ಇರೋ ನಿಮ್ಮ ಚಿಕ್ಕಪ್ಪನ ಮಗನಿಗೆ ದೃಷ್ಟಿ ಪೂರ್ತಿ ಹೋಗಿದೆ, ಕಂಪ್ಯೂಟರ್ ಕಲಿತೇನೆ ಅಂತಾನೆ, ಯಾವ ಸಾಫ್ಟ್‌ವೇರ್ ಹಾಕೋದು, ಮೊದಲು ಏನು ಕಲಿಸೋದು ಅಂತ ಕೇಳಿದ್ರಿ. ಕುಮಟಾದಲ್ಲಿ ನಾನು ಇಂಥವರಿಗೆ ಹೇಳಿಕೊಡ್ತಾ ಇರ್ತೇನೆ, ಆ ಲೆಕ್ಕದಲ್ಲಿ ಬರೀತಿದ್ದೇನೆ.

ಸಾಫ್ಟ್‌ವೇರಿಗೆ ತಲೆ ಕೆಡಿಸ್ಕೊಳ್ಬೇಡಿ, ಎನ್‌ವಿಡಿಎ ಹಾಕಿ, ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಅದು. ಪುಕ್ಕಟೆ ಸಿಗ್ತದೆ, 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ್ದು, ಅವರಿಗೂ ಕಣ್ಣು ಕಾಣೋದಿಲ್ಲ. ಇದೇ ಕೆಲಸ ಮಾಡೋ ಜಾಸ್ ಕೂಡ ಒಳ್ಳೇದೇ, ಆದ್ರೆ ಲೈಸೆನ್ಸ್ ಇಲ್ದಿದ್ರೆ 40 ನಿಮಿಷಕ್ಕೆ ನಿಂತುಹೋಗ್ತದೆ, ಮತ್ತೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡ್ಬೇಕು, ಹೊಸಬನಿಗೆ ಅದಕ್ಕಿಂತ ಕಿರಿಕಿರಿ ಇಲ್ಲ. ಲ್ಯಾಪ್‌ಟಾಪೇ ಇರ್ಲಿ, ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟಿನ ಕತೆ ನಿಮಗೇ ಗೊತ್ತು. ಎನ್‌ವಿಡಿಎ ಮೊದಲ ಸಲ ಶುರುವಾದಾಗ ಬರೋ ವಿಂಡೋದಲ್ಲಿ ಲ್ಯಾಪ್‌ಟಾಪ್ ಲೇಔಟ್ ಆರಿಸಿ, ಕ್ಯಾಪ್ಸ್ ಲಾಕನ್ನೇ ಎನ್‌ವಿಡಿಎ ಕೀ, ಅಂದ್ರೆ ಎನ್‌ವಿಡಿಎಗೆ ಆಜ್ಞೆ ಕೊಡೋವಾಗ ಹಿಡ್ಕೊಳ್ಳೋ ಕೀ, ಮಾಡ್ಕೊಳ್ಳಿ. ಹಂಚಿನ ಮನೆಯಾದ್ರೆ ಜುಲೈಯಲ್ಲಿ ಸ್ಪೀಕರ್ ಏನೂ ಕೇಳೋದಿಲ್ಲ, ಇಯರ್‌ಫೋನ್ ಒಂದು ಕಿವಿಗೆ ಮಾತ್ರ ಹಾಕ್ಸಿ, ಇನ್ನೊಂದು ನಿಮ್ಮ ಮಾತಿಗೆ ಬೇಕಲ್ಲ.

ಈಗ ಮುಖ್ಯ ವಿಷಯ. ಇಂಟರ್ನೆಟ್, ವರ್ಡ್ ಎಲ್ಲ ಆಮೇಲೆ, ಮೊದಲು ಕೀಬೋರ್ಡು. ಎಫ್ ಮತ್ತೆ ಜೆ ಮೇಲಿರೋ ಸಣ್ಣ ಗೆರೆ ಬೆರಳಿಗೆ ಸಿಗ್ಲಿ, ಆಮೇಲೆ ಎನ್‌ವಿಡಿಎ ಕೀ ಹಿಡ್ಕೊಂಡು ಮೇಲಿನ ಸಾಲಿನ 1 ಒತ್ತಿಸಿ. ಇದು ಇನ್‌ಪುಟ್ ಹೆಲ್ಪ್, ಇದರಲ್ಲಿ ಏನು ಒತ್ತಿದ್ರೂ ಆ ಕೀಯ ಹೆಸರು ಹೇಳ್ತದೆ ಅಷ್ಟೇ, ಏನೂ ಅಳಿಸಿಹೋಗೋದಿಲ್ಲ, ಯಾವ್ದೂ ತೆರ್ಕೊಳ್ಳೋದಿಲ್ಲ. ಹೊರಗೆ ಬರೋಕೆ ಮತ್ತೆ ಅದೇ ಎರಡು ಕೀ. ಅಂಕೋಲಾ ಕಡೆ ಮಾಸ್ತರೊಬ್ರು, ರಿಟೈರ್ ಆದಮೇಲೆ ಕಣ್ಣು ಹೋದವರು, ಹೆಬ್ಬೆರಳು ಸ್ಪೇಸ್ ಬಾರಿಂದ ಎಡಕ್ಕೆ ಸರಿಸ್ತಾ ಆಲ್ಟ್, ಆಮೇಲೆ ವಿಂಡೋಸ್ ಅಂತ ಅದು ಹೇಳಿದ ಹಾಗೆ ತಾವೂ ಹೇಳ್ತಾ, "ಓ ಇವ್ರದ್ದು ಆಚೆಮನೆ" ಅಂತ ಗುರುತಿಟ್ಕೊಳ್ತಿದ್ರು. ಪಕ್ಕದಲ್ಲಿ ಅವರ ಹೆಂಡ್ತಿ ಬೆರಳು ಹಿಡಿದು ಒತ್ತಿಸೋಕೆ ಹೋಗೋರು, ನಾನು ಅವರನ್ನ ಚಾ ಮಾಡೋ ನೆಪದಲ್ಲಿ ಒಳಗೆ ಕಳಿಸ್ತಿದ್ದೆ. ನೀವೂ ಕೈ ಹಿಡಿಬೇಡಿ ಮಾರಾಯ್ರೆ. "ಅಲ್ಲಿ ಮೇಲೆ ನೀಲಿ ಬಟನ್ ಇದೆ ನೋಡು" ಅನ್ನೋದೂ ಬೇಡ, ಮೌಸ್ ಇದ್ರೆ ಕಿತ್ತಿಡಿ. ಟ್ಯಾಬ್, ಬಾಣದ ಕೀ, ಎಂಟರ್, ಎಸ್ಕೇಪ್, ಆಲ್ಟ್ ಟ್ಯಾಬ್ ಇಷ್ಟು ಸಾಕು. ಎಲ್ಲಿದ್ದೇನೆ ಅಂತ ಗೊಂದಲ ಆದ್ರೆ ಎನ್‌ವಿಡಿಎ ಜೊತೆ ಟಿ ಒತ್ಲಿ, ವಿಂಡೋ ಹೆಸರು ಹೇಳ್ತದೆ, ಮಾತು ಜಾಸ್ತಿ ಆಯ್ತಾ, ಕಂಟ್ರೋಲ್ ಒತ್ತಿದ್ರೆ ಬಾಯಿ ಮುಚ್ತದೆ.

ಎನ್‌ವಿಡಿಎ ಜೊತೆಗೇ ಬರೋ ಇಸ್ಪೀಕ್ ಅನ್ನೋ ದನಿಯಲ್ಲೇ ಕನ್ನಡ ಇದೆ, ದನಿ ಕೇಳಿ ಮೊದಲು ನಗು ಬರ್ತದೆ, ಸ್ಪೀಡ್ ಕಮ್ಮಿ ಇಡಿ, ಅವನೇ ಜಾಸ್ತಿ ಮಾಡು ಅಂತಾನೆ.

ಕನ್ನಡ ಟೈಪಿಂಗಿಗೆ ವಿಂಡೋಸಲ್ಲೇ ಇರೋ ಇನ್‌ಸ್ಕ್ರಿಪ್ಟ್ ಅನ್ನೋ ಕೀಬೋರ್ಡ್ ಲೇಔಟ್ ಕಲಿಸಿ, ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ, ಬೆರಳಿಗೆ ಬೇಗ ಕೂರ್ತದೆ. ಇನ್ನೊಂದು, ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಲ್ಲಿ ಟೈಪ್ ಮಾಡಿದ ಫೈಲ್ ಯಾರಾದ್ರೂ ಕಳಿಸಿದ್ರೆ ಎನ್‌ವಿಡಿಎ ಏನೇನೋ ಬಡಬಡಿಸ್ತದೆ, ಯಾಕಂದ್ರೆ ಒಳಗಿರೋದು ಇಂಗ್ಲಿಷ್ ಅಕ್ಷರದ ಕೋಡು, ಕನ್ನಡ ಕಾಣೋದು ಕಣ್ಣಿಗೆ ಮಾತ್ರ. ಅವನು ತಾನೇ ಏನೋ ತಪ್ಪು ಒತ್ತಿದೆ ಅಂದ್ಕೊಳ್ತಾನೆ, ಮೊದಲೇ ಹೇಳಿಡಿ. ಅಂಥ ಫೈಲನ್ನ ಯೂನಿಕೋಡಿಗೆ, ಅಂದ್ರೆ ಕನ್ನಡ ಅಕ್ಷರಕ್ಕೆ ಅದರದ್ದೇ ಕೋಡ್ ಇರೋ ಪದ್ಧತಿಗೆ, ಕನ್ವರ್ಟ್ ಮಾಡಿ ಕೊಡಿ, ಆಗ ಸರಿಯಾಗಿ ಓದ್ತದೆ.