ಮಾತಿಗೆ ನಿಂತಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಭಾಷಣವನ್ನು ಪೂರ್ತಿಯಾಗಿ ಬರೆದು, ಒಂದಕ್ಷರವೂ ಬಿಡದೆ ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ. ಮನೆಯಲ್ಲಿ ಸರಾಗವಾಗಿ ಬರುವ ಮಾತು ಮೈಕಿನ ಮುಂದೆ ಮೂರ್ನಾಲ್ಕು ವಾಕ್ಯಗಳಾಗುತ್ತಲೇ ನಿಂತುಹೋಗುತ್ತದೆ. ಬಾಯಿ ಒಣಗಿ ಕೈ ನಡುಗುತ್ತದೆ. ಈ ಸಭಾಕಂಪವನ್ನು ಹೋಗಲಾಡಿಸುವುದು ಹೇಗೆ?

ಉತ್ತರ: ನಿಮ್ಮ ತೊಂದರೆಯ ಮೂಲ ಭಯಕ್ಕಿಂತ ಹೆಚ್ಚಾಗಿ ಬಾಯಿಪಾಠದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಪದಪದವಾಗಿ ಕಲಿತ ಭಾಷಣದಲ್ಲಿ ಪ್ರತಿಯೊಂದು ವಾಕ್ಯವೂ ಅದರ ಹಿಂದಿನ ವಾಕ್ಯದ ನೆನಪಿಗೆ ಜೋತುಬಿದ್ದಿರುತ್ತದೆ. ನಡುವೆ ಒಂದು ಪದ ಕೈಕೊಟ್ಟರೆ ಮುಂದಿನದೆಲ್ಲವೂ ಅದರ ಜೊತೆಗೇ ಮರೆತುಹೋಗುತ್ತದೆ. ಮುಂದೆ ಹೆಸರಾಂತ ಭಾಷಣಕಾರರಾದ ವಿನ್‌ಸ್ಟನ್ ಚರ್ಚಿಲ್ ಅವರಿಗೂ 1904ರ ಏಪ್ರಿಲ್‌ನಲ್ಲಿ ಇದೇ ಆಯಿತು. ಬ್ರಿಟನ್ನಿನ ಸಂಸತ್ತಿನಲ್ಲಿ ನೆನಪಿನಿಂದಲೇ ಮಾತನಾಡುತ್ತಿದ್ದ ಅವರು ನಡುವೆ ಎಳೆ ತಪ್ಪಿ, ಮುಂದಿನ ಮಾತು ಹೊಳೆಯದೆ ಕುಳಿತುಬಿಟ್ಟರು. ಆ ಬಳಿಕ ವಿವರವಾದ ಟಿಪ್ಪಣಿಗಳನ್ನು ಕೈಯಲ್ಲಿ ಹಿಡಿದೇ ಮಾತನಾಡುವ ರೂಢಿ ಮಾಡಿಕೊಂಡರು. ಚೀಟಿ ನೋಡಿ ಮಾತನಾಡುವುದನ್ನು ಅವಮಾನವೆಂದು ಭಾವಿಸುವ ಅಗತ್ಯ ಖಂಡಿತ ಇಲ್ಲ.

ಕನ್ನಡದಲ್ಲಿ ಮಾತನಾಡುವವರಿಗೆ ಇನ್ನೊಂದು ತೊಡಕೂ ಇದೆ. ನಾವು ಬರೆಯುವ ಭಾಷೆಗೂ ಆಡುವ ಭಾಷೆಗೂ ಅಂತರ ದೊಡ್ಡದು. ಕಾಗದದ ಮುಂದೆ ಕುಳಿತಾಗ "ಪ್ರಸ್ತುತ ಸಂದರ್ಭದಲ್ಲಿ ನೀರಿನ ಸದ್ಬಳಕೆಯ ಮಹತ್ವವನ್ನು ಮನಗಾಣುವುದು ನಮ್ಮೆಲ್ಲರ ಆದ್ಯ ಕರ್ತವ್ಯವಾಗಿದೆ" ಎಂಬಂಥ ವಾಕ್ಯಗಳು ತಾವಾಗಿಯೇ ಬರುತ್ತವೆ, ಆದರೆ ಉಸಿರು ಸಾಲದಂತಾಗುವ ಹೊತ್ತಿನಲ್ಲಿ ಅವಕ್ಕೆ ನಾಲಿಗೆ ಹೊರಳುವುದಿಲ್ಲ. ಅದರ ಬದಲು "ಹಲ್ಲುಜ್ಜುವಾಗ ನಲ್ಲಿ ತೆರೆದೇ ಇಟ್ಟರೆ ಎಷ್ಟು ನೀರು ಹರಿದುಹೋಗುತ್ತದೆ ಅಂತ ಯಾವತ್ತಾದರೂ ಬಕೆಟ್ ಇಟ್ಟು ನೋಡಿದ್ದೀರಾ?" ಎಂದು ಕೇಳಿ ನೋಡಿ. ಅದೇ ವಿಷಯ, ಆದರೆ ಇದನ್ನು ಮರೆಯುವುದು ಕಷ್ಟ. ಒಂದೆರಡು ಪದ ಹಿಂದುಮುಂದಾದರೂ ಕೇಳುವವರಿಗೆ ಅದು ಗೊತ್ತಾಗುವುದೂ ಇಲ್ಲ.

ಆದ್ದರಿಂದ ಮುಂದಿನ ಸಲ ಪೂರ್ತಿ ಭಾಷಣವನ್ನು ಬರೆದರೂ, ಬರೆದದ್ದನ್ನು ಪಕ್ಕಕ್ಕಿಟ್ಟು ಅಂಗೈಯಗಲದ ಒಂದು ಕಾರ್ಡಿನಲ್ಲಿ ಐದಾರು ಅಂಶಗಳನ್ನು ಮಾತ್ರ, ಒಂದೊಂದಕ್ಕೆ ಎರಡು ಮೂರು ಪದಗಳಂತೆ, ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಮೊದಲ ಎರಡು ವಾಕ್ಯಗಳನ್ನೂ ಕೊನೆಯ ಒಂದು ವಾಕ್ಯವನ್ನೂ ಬಾಯಿಪಾಠ ಮಾಡಿ, ಉಳಿದದ್ದನ್ನು ಬೇಡ. ಆಮೇಲೆ ಎದ್ದು ನಿಂತು, ಗಟ್ಟಿಯಾಗಿ, ಕಾರ್ಡನ್ನಷ್ಟೇ ನೋಡಿಕೊಂಡು ಪೂರ್ತಿ ಮಾತನಾಡಿ. ಮನಸ್ಸಿನಲ್ಲೇ ಓದಿಕೊಳ್ಳುವುದು ಇದಕ್ಕೆ ಸಮನಲ್ಲ, ಏಕೆಂದರೆ ತಾಲೀಮು ಬೇಕಿರುವುದು ಕಣ್ಣಿಗಲ್ಲ, ಬಾಯಿಗೆ. ಪ್ರತಿ ಸಲವೂ ವಾಕ್ಯಗಳು ಬೇರೆ ಬೇರೆಯಾಗಿ ಬಂದರೆ ಗಾಬರಿ ಬೇಡ. ವಿಷಯ ನಿಮ್ಮದಾಗುತ್ತಿದೆ ಎಂಬುದಕ್ಕೆ ಅದೇ ಗುರುತು. ಸಮಯವನ್ನೂ ಹೀಗೆ ಮಾತನಾಡುವಾಗಲೇ ಗಡಿಯಾರ ನೋಡಿ ಅಳೆಯಿರಿ. ಇಂಗ್ಲಿಷ್ ಮಾತಿಗೆ ಹೇಳುವ ನಿಮಿಷಕ್ಕೆ 130ರಿಂದ 150 ಪದಗಳ ಲೆಕ್ಕ, ಪ್ರತ್ಯಯಗಳು ಸೇರಿ ಪದಗಳೇ ಉದ್ದವಾಗುವ ಕನ್ನಡಕ್ಕೆ ಹೊಂದುವುದಿಲ್ಲ.

ಇನ್ನು ನಡುಕದ ವಿಷಯ. ಅದು ಗಾಬರಿಯಾದಾಗ ಮೈಯಲ್ಲಿ ಹೆಚ್ಚುವ ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ. ಅನುಭವಿಗಳಲ್ಲೂ ಅದು ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ನಿಮಗೆ ಧೈರ್ಯ ಕೊಡಬಲ್ಲ ಸಂಗತಿಯೊಂದಿದೆ: ನಮ್ಮ ಒಳಗಿನ ತಳಮಳ ನಾವು ಅಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ. ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸಂಗತಿಯನ್ನು ಮೊದಲೇ ತಿಳಿಸಿ ಮಾತಿಗೆ ನಿಲ್ಲಿಸಿದವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ನಿಮ್ಮ ಹೆಸರು ಕರೆಯುವ ಮುನ್ನ ಕೆಲವು ಸಲ ನಿಧಾನವಾಗಿ, ಒಳಗೆಳೆದದ್ದಕ್ಕಿಂತ ಹೆಚ್ಚು ಹೊತ್ತು ಉಸಿರನ್ನು ಹೊರಬಿಡಿ. ಮೈಕಿನ ಮುಂದೆ ನಿಂತ ಕೂಡಲೇ ಶುರುಮಾಡದೆ, ಯಾರಾದರೊಬ್ಬರ ಮುಖ ನೋಡಿ, ಆ ಒಬ್ಬರಿಗೆ ಹೇಳುವಂತೆ ಮೊದಲ ವಾಕ್ಯವನ್ನು ಹೇಳಿ ಮುಗಿಸಿ.

ಪ್ರಶ್ನೆ: ಕೇಳುಗರ ಮೇಲಾಗುವ ಪರಿಣಾಮದಲ್ಲಿ ಶೇಕಡಾ 93ರಷ್ಟು ಹಾವಭಾವ ಮತ್ತು ಧ್ವನಿಯದು, ಮಾತಿನದು ಕೇವಲ 7 ಎಂದು ತರಬೇತಿಯಲ್ಲಿ ಹೇಳಿದರು. ಇದು ನಿಜವೇ?

ಉತ್ತರ: ಭಾಷಣಕ್ಕೆ ಇದು ಅನ್ವಯಿಸುವುದಿಲ್ಲ. ಆ ಅಂಕಿಗಳು ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳಿಂದ ಬಂದವು. ಮಾತು ಒಂದು ಭಾವ ಹೇಳಿ, ದನಿ ಮತ್ತು ಮುಖ ಇನ್ನೊಂದನ್ನು ಹೇಳಿದಾಗ ಆಡಿದವರ ಇಷ್ಟಾನಿಷ್ಟಗಳನ್ನು ಜನ ಹೇಗೆ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆಯಾಗಿತ್ತು. ಹೇಳಬೇಕಾದ ವಿಷಯವೇ ಇಲ್ಲದವರನ್ನು ಕೈಸನ್ನೆಗಳು ಕಾಪಾಡುವುದಿಲ್ಲ.

ಪ್ರಶ್ನೆ: ಕಚೇರಿಯಲ್ಲಿ ಪ್ರತಿ ತಿಂಗಳು ಪ್ರೆಸೆಂಟೇಶನ್ ಕೊಡಬೇಕು. "ನೀವು ಸ್ಲೈಡ್‌ಗಳನ್ನು ಓದುತ್ತೀರಿ ಅಷ್ಟೇ" ಎಂದು ಮೇಲಧಿಕಾರಿ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನೀವು ಗಟ್ಟಿಯಾಗಿ ಓದುವುದಕ್ಕಿಂತ ವೇಗವಾಗಿ ಕೇಳುಗರು ಸ್ಲೈಡನ್ನು ಮನಸ್ಸಿನಲ್ಲೇ ಓದಿ ಮುಗಿಸುತ್ತಾರೆ, ಆಮೇಲೆ ನಿಮ್ಮ ದನಿ ಅವರಿಗೆ ಬರೀ ಅಡ್ಡಿ. ಮೊದಲು ಸ್ಲೈಡಿನ ಶೀರ್ಷಿಕೆಯನ್ನು ಬದಲಿಸಿ. "ದೂರುಗಳ ವಿವರ" ಎಂಬುದು ಏನನ್ನೂ ಹೇಳುವುದಿಲ್ಲ. "ಅರ್ಧದಷ್ಟು ದೂರುಗಳು ಬಂದಿರುವುದು ತಡವಾದ ವಿತರಣೆಯಿಂದ" ಎಂಬ ಪೂರ್ಣ ವಾಕ್ಯ ನಿಮ್ಮ ನಿಲುವನ್ನು ಹೇಳುತ್ತದೆ. ಅದರ ಕೆಳಗೆ ಅದನ್ನು ತೋರಿಸುವ ಒಂದೇ ನಕ್ಷೆ ಸಾಕು. ಉಳಿದ ಕೋಷ್ಟಕಗಳನ್ನು ಮುದ್ರಿಸಿ ಕೈಗೆ ಕೊಡಿ ಇಲ್ಲವೇ ಇಮೇಲ್ ಮಾಡಿ. ಪರದೆಯ ಕಡೆ ತಿರುಗಿ ಮಾತನಾಡುವ ಅಭ್ಯಾಸವಿದ್ದರೆ, ಮುಖ್ಯ ವಿಷಯ ಬಂದಾಗ ಪವರ್‌ಪಾಯಿಂಟ್‌ನಲ್ಲಿ "ಬಿ" ಕೀಲಿಯನ್ನು ಒತ್ತಿ. ಪರದೆ ಕಪ್ಪಾಗಿ, ಎಲ್ಲರ ಗಮನ ನಿಮ್ಮ ಕಡೆಗೆ ಬರುತ್ತದೆ. ಅದೇ ಕೀಲಿಯನ್ನು ಮತ್ತೆ ಒತ್ತಿದರೆ ಸ್ಲೈಡ್ ಮರಳುತ್ತದೆ.

ಬಹುತೇಕರು ತಯಾರಿಯನ್ನು ಕೊನೆಯ ಸ್ಲೈಡಿಗೇ ನಿಲ್ಲಿಸುತ್ತಾರೆ, ಆದರೆ ಮೇಲಧಿಕಾರಿಗಳು ನಿಮ್ಮನ್ನು ಅಳೆಯುವುದು ಅದರ ನಂತರದ ಪ್ರಶ್ನೋತ್ತರದಲ್ಲಿ. ಬರಬಹುದಾದ ಕಠಿಣ ಪ್ರಶ್ನೆಗಳನ್ನು ಸಹೋದ್ಯೋಗಿಯೊಬ್ಬರಿಂದ ಹಿಂದಿನ ದಿನವೇ ಕೇಳಿಸಿಕೊಂಡು ಉತ್ತರಿಸಿ ನೋಡಿ. ಉತ್ತರ ಗೊತ್ತಿಲ್ಲದಿದ್ದರೆ "ಈ ಅಂಕಿ ನನ್ನ ಬಳಿ ಇಲ್ಲ, ಸಂಜೆಯೊಳಗೆ ಕಳುಹಿಸುತ್ತೇನೆ" ಎಂದು ನೇರವಾಗಿ ಹೇಳಿ, ಸಂಜೆಯೊಳಗೆ ಕಳುಹಿಸಿ.